ಅಗಲಿದ ಗುರುವಿಗೆ ಶಿಷ್ಯನ ಅರ್ಪಣೆ: ‘ಶ್ರೀ ರಾಮಾಯಣ ದರ್ಶನಂ’

ಕುವೆಂಪು ಅವರ ಈ ಮಹಾಕಾವ್ಯದ ರಚನೆ 1936ರಿಂದ 1946ರವರೆಗೆ ನಡೆಯಿತು. ಮೊದಲ ಸಂಪುಟ 1949ರಲ್ಲಿ ಅಚ್ಚಾಯಿತು. ಹಳಗನ್ನಡದ ಕಾವ್ಯಪರಂಪರೆ ಇಲ್ಲಿ ‘ಮಹಾಛಂದಸ್ಸು’ ಎಂಬ ಹೊಸ ಲಯ ಪಡೆದಿದೆ.

ಕಾವ್ಯ ಟಿ.ಎಸ್. ವೆಂಕಣ್ಣಯ್ಯನವರಿಗೆ ಅರ್ಪಿತ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಅವರು ಕುವೆಂಪು ಅವರ ಗುರು. ಅಲ್ಲಿಯೇ 1929ರಲ್ಲಿ ಅಧ್ಯಾಪಕರಾದ ಶಿಷ್ಯ ಮುಂದೆ ಪ್ರಾಂಶುಪಾಲರೂ ಆದರು. ಕಾವ್ಯ ಇನ್ನೂ ನಡುವಿನಲ್ಲಿದ್ದಾಗಲೇ, 1939ರಲ್ಲಿ, ವೆಂಕಣ್ಣಯ್ಯನವರು ತೀರಿಕೊಂಡರು.

ಆರಂಭದ ಅರ್ಪಣೆಯನ್ನು ಗಮನಿಸಿ. ಸಾಮಾನ್ಯವಾಗಿ ಒಂದೇ ಸಾಲಿಗೆ ಮುಗಿಯುವುದು ಇಲ್ಲಿ ಪದ್ಯವೇ ಆಗಿದೆ. ಗುರು ಎದುರಿಗೇ ಇದ್ದಾರೆಂಬಂತೆ ಮಾತನಾಡಿಸಿ, ಕೃತಿ ಮುಗಿದ ಸುದ್ದಿಯನ್ನು ಶಿಷ್ಯ ಅರುಹುತ್ತಾರೆ. ಇಷ್ಟು ಆಪ್ತವಾದ ಗುರುಸ್ಮರಣೆ ಕನ್ನಡದಲ್ಲಿ ಅಪರೂಪ.

ಈ ಕೃತಿಗೆ 1955ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, 1967ರ ಜ್ಞಾನಪೀಠ ಪ್ರಶಸ್ತಿ ಸಂದಿವೆ.