ಮಳೆಯ ಆಟ, ನಾಲೆಯ ಸೀಮೆ: ಮಂಡ್ಯದ ತೊಗಲು ಗೊಂಬೆಯಾಟವನ್ನು ಕುರಿತು

ಅನಿಮೇಷನ್ ಎಂದೊಡನೆ ನಮ್ಮ ಕಣ್ಣು ಹಾಲಿವುಡ್ಡಿನತ್ತ ಹೊರಳುತ್ತದೆ. ಆದರೆ ಬೆಳಕು, ಪರದೆ, ಚಲಿಸುವ ಚಿತ್ರ, ಇರುಳುದ್ದದ ಹಾಡು, ಆಧಾರಕ್ಕೊಂದು ಮಹಾಕಾವ್ಯ, ಇಷ್ಟನ್ನೂ ಒಂದೇ ಮನೆಯವರು ಸೇರಿ ನಡೆಸುತ್ತಿದ್ದ ಕಲೆ ಮಂಡ್ಯ ಜಿಲ್ಲೆಯಲ್ಲೇ ಇತ್ತು. ಕಿಳ್ಳೇಕ್ಯಾತ ಸಮುದಾಯದ ತೊಗಲು ಗೊಂಬೆಯಾಟವನ್ನು ನಾವು ಕರಕುಶಲದ ಸಾಲಿಗೆ ಸೇರಿಸಿ ಸುಮ್ಮನಾಗಿದ್ದೇವೆ. ಕಾವ್ಯದಿಂದ ರೂಪಾಂತರಗೊಂಡ ಸಂಗೀತನಾಟಕವೆಂದು ಅದನ್ನು ಓದಿದವರು ಕಡಿಮೆ.

ಜರ್ಮನಿಯ ಲೋಟೆ ರೈನಿಗರ್ 1926ರಲ್ಲಿ ಅರೇಬಿಯನ್ ರಾತ್ರಿಗಳ ಕತೆಗಳನ್ನು ಛಾಯಾಗೊಂಬೆಗಳ ಚಲನಚಿತ್ರವಾಗಿಸಿದರು. ಇಂದು ಉಳಿದಿರುವ ಪೂರ್ಣಾವಧಿಯ ಅನಿಮೇಷನ್ ಚಿತ್ರಗಳಲ್ಲಿ ಅದೇ ಅತ್ಯಂತ ಹಳೆಯದು. ಅವರ ಗೊಂಬೆಗಳು ಕಡುಗಪ್ಪು. ನಮ್ಮವು ಹಾಗಲ್ಲ. ಹದಮಾಡಿದ ಆಡಿನ ಚರ್ಮ ಬೆಳಕನ್ನು ಒಳಗೆ ಬಿಟ್ಟುಕೊಳ್ಳುವುದರಿಂದ ಕೆಂಪು, ಹಸಿರು ಬಣ್ಣಗಳೇ ಪರದೆಯ ಮೇಲೆ ಮೂಡುತ್ತವೆ. ಒಡವೆಗೆ ಕೊರೆದ ತೂತುಗಳು ಹೊಳೆಯುತ್ತವೆ. ಅರಸರ ಗೊಂಬೆ ದೊಡ್ಡದು, ಸೇವಕರದು ಚಿಕ್ಕದು. ಕೆಲವೊಮ್ಮೆ ಒಂದೇ ತೊಗಲಿನಲ್ಲಿ ಹಲವು ಪಾತ್ರಗಳ ಇಡೀ ದೃಶ್ಯವಿರುತ್ತದೆ. ಈ ಆಟ ಸಂಗೀತನಾಟಕವೆಂಬ ನನ್ನ ವಾದಕ್ಕೆ ಈ ಸಂಯುಕ್ತ ಗೊಂಬೆಗಳೇ ಮುಖ್ಯ ಆಧಾರ. ಅವುಗಳಲ್ಲಿ ಕೈಕಾಲು ಆಡುವುದಿಲ್ಲ. ಅವುಗಳಿಗೆ ಜೀವ ತುಂಬುವುದು ಹಿಂದೆ ಕುಳಿತವರ ಪದ ಮತ್ತು ಮಾತು. ಹೆಂಗಸರು ಸ್ತ್ರೀಪಾತ್ರಗಳಿಗೆ ದನಿಕೊಟ್ಟು ಹಾಡುತ್ತಾರೆ. ಮನೆಯೊಳಗೆ ಮರಾಠಿಗೆ ಹತ್ತಿರದ ನುಡಿಯಾಡುವ ಈ ಜನ ಪರದೆಯ ಹಿಂದೆ ಕನ್ನಡ ಕಾವ್ಯಪರಂಪರೆಯ ವಾರಸುದಾರರು. ನಡುನಡುವೆ ಕಿಳ್ಳೇಕ್ಯಾತ, ಬಂಗಾರಕ್ಕ ಎಂಬ ಹಾಸ್ಯದ ಗೊಂಬೆಗಳು ನುಗ್ಗಿ ಹಳ್ಳಿಯ ಮಾತಿನಲ್ಲೇ ಕೇಳುಗರನ್ನು ನಗಿಸುತ್ತಾರೆ.

ವಿದ್ವಾಂಸ ಫ್ರೀಡ್ರಿಖ್ ಸೆಲ್ಟ್‌ಮನ್ 1971ರಲ್ಲೇ ಮೈಸೂರು ಸೀಮೆಯ ಛಾಯಾನಾಟಕದ ಬಗ್ಗೆ ಜರ್ಮನ್ನಿನಲ್ಲಿ ಬರೆದರು. ಕಲಾವಿದ ಎಂ.ಎಸ್. ನಂಜುಂಡರಾಯರ ಶ್ರಮದಿಂದ ಕರ್ನಾಟಕ ಚಿತ್ರಕಲಾ ಪರಿಷತ್ತಿನಲ್ಲಿ ಗೊಂಬೆಗಳು ಉಳಿದಿವೆ. ಇದು ದೊಡ್ಡ ಉಪಕಾರ. ಆದರೂ ಗಾಜಿನ ಹಿಂದಿನ ತೊಗಲು ಕೃತಿಯ ಅರ್ಧಭಾಗ ಮಾತ್ರ, ಅದೂ ಮೂಕಭಾಗ.

ಉಳಿದ ಅರ್ಧವನ್ನು, ಆ ಪದ ಮತ್ತು ಮಾತನ್ನು, ಆಟ ನಡೆದ ಊರುಗಳಲ್ಲೇ ಹುಡುಕಬೇಕು. ಮಂಡ್ಯ ಜಿಲ್ಲೆಯೊಳಗೆ ಈ ಆಟಕ್ಕೆ ಹೆಸರಾಗಿ ನಿಂತದ್ದು ನಾಗಮಂಗಲ. ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಹೆಸರು ಹಾಗೆ ಕೇಳಿಬರುವುದಿಲ್ಲ. ಇದರ ಕಾರಣವನ್ನು ನೀರಿನಲ್ಲಿ ಹುಡುಕಬೇಕೆಂದು ನನಗನ್ನಿಸುತ್ತದೆ. ಮಳೆ ಕೈಕೊಟ್ಟಾಗ ವಿರಾಟಪರ್ವ ಆಡಿಸಿದರೆ ಮಳೆ ಬರುತ್ತದೆಂಬುದು ಹಳೆಯ ನಂಬಿಕೆ. ಸುಗ್ಗಿ ಮುಗಿದ ಬಿಡುವು ಆಟದ ಕಾಲ. ಕನ್ನಂಬಾಡಿ ಕಟ್ಟೆಯಿಂದ ಹೊರಟ ಇರ್ವಿನ್ ನಾಲೆ, ಈಗಿನ ವಿಶ್ವೇಶ್ವರಯ್ಯ ನಾಲೆ, ಈ ಮೂರು ತಾಲ್ಲೂಕುಗಳಿಗೆ ನೀರು ತಂದಿತು. ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ನಿಂತಿತು, ಗದ್ದೆಗೆ ಕಬ್ಬು ಬಂತು. ಮುಗಿಲು ನೋಡುತ್ತಿದ್ದ ರೈತ ತೂಬು ನೋಡತೊಡಗಿದ. ಮಳೆಗಾಗಿ ಆಟ ಕಟ್ಟಿಸುವ ಅಗತ್ಯ ತಗ್ಗಿತು, ವರ್ಷವಿಡೀ ದುಡಿಮೆಯಲ್ಲಿ ಬಿಡುವೂ ಕರಗಿತು. ಮೀನು ಹಿಡಿಯುವುದು ಕಿಳ್ಳೇಕ್ಯಾತರ ಇನ್ನೊಂದು ಕಸುಬು. ಕೆರೆ, ಹೊಳೆ ತುಂಬಿದ ಸೀಮೆಯಲ್ಲಿ ಬಲೆಯೇ ಹೊಟ್ಟೆ ಹೊರೆದಿರಬೇಕು. ನಾಲೆಯ ನೀರು ಬಹುಕಾಲ ಕಾಣದ ನಾಗಮಂಗಲದ ರಾಗಿಹೊಲಗಳಲ್ಲಿ ಮಾತ್ರ ಆಟಕ್ಕೆ ಕರೆ ನಿಲ್ಲಲಿಲ್ಲ.

ಇದು ಊಹೆಯ ಹಂತದ ಮಾತು. ಪರೀಕ್ಷಿಸಲು ನಾಲೆಯ ಬಯಲಿನ ಹಳ್ಳಿಗಳಲ್ಲಿ ವಯಸ್ಸಾದವರನ್ನು ಕೇಳಬೇಕು: ಕೊನೆಯ ಆಟ ಯಾವ ಬೆಳೆಯ ಕಾಲದಲ್ಲಾಯಿತು, ಯಾರು ಆಡಿಸಿದರು, ಪದ ಹೇಳಿದ ಹೆಂಗಸು ಯಾರು. ಈ ಕ್ಷೇತ್ರಕಾರ್ಯ ಗೊಂಬೆಗಳ ಅಳತೆಗಿಂತ ಮೊದಲು ಆಗಬೇಕಾದದ್ದು.