ಕೀಲು ಮತ್ತು ಬೆನ್ನುನೋವಿನ ಚುಚ್ಚುಮದ್ದು ಚಿಕಿತ್ಸೆ

ನೋವಿರುವ ಕೀಲಿನೊಳಕ್ಕೆ ಅಥವಾ ಬೆನ್ನುಹುರಿಯನ್ನು ಸುತ್ತುವರಿದ ಹೊರಪೊರೆಯ ಆಚೆಗಿನ ಎಪಿಡ್ಯೂರಲ್ ಅವಕಾಶಕ್ಕೆ ಸೂಜಿಯ ಮೂಲಕ ಔಷಧವನ್ನು ಸೇರಿಸಿ ನೋವನ್ನು ತಗ್ಗಿಸುವ ವೈದ್ಯಕೀಯ ವಿಧಾನ. ಇದರಲ್ಲಿ ನರಗಳ ಸಂವೇದನೆಯನ್ನು ಕೆಲಕಾಲ ತಡೆಯುವ ಸ್ಥಳೀಯ ಅರಿವಳಿಕೆಯನ್ನೂ ಉರಿಯೂತವನ್ನು ಶಮನಗೊಳಿಸುವ ಸ್ಟೀರಾಯ್ಡನ್ನೂ ಸಾಮಾನ್ಯವಾಗಿ ಬಳಸುತ್ತಾರೆ.

ಇತಿಹಾಸ: 1850ರ ದಶಕದಲ್ಲಿ ಎಡಿನ್‌ಬರೋದ ವೈದ್ಯ ಅಲೆಕ್ಸಾಂಡರ್ ವುಡ್ ನರಶೂಲೆಯಿಂದ ಬಳಲುವವರಿಗೆ ನೋವಿನ ಜಾಗದ ಸಮೀಪದಲ್ಲೇ ಮಾರ್ಫಿನ್ ಚುಚ್ಚಿ ಈ ಮಾರ್ಗವನ್ನು ತೆರೆದನು. ಕೊಕೇನಿಗೆ ಸ್ಥಳೀಯ ಅರಿವಳಿಕೆಯ ಗುಣವಿದೆಯೆಂದು 1884ರಲ್ಲಿ ವಿಯೆನ್ನಾದ ಕಾರ್ಲ್ ಕೋಲರ್ ತೋರಿಸಿಕೊಟ್ಟ ಬಳಿಕ, 1901ರಲ್ಲಿ ಪ್ಯಾರಿಸ್ಸಿನ ಸಿಕಾರ್ ಮತ್ತು ಕ್ಯಾಥ್ಲಾಂ ಪರಸ್ಪರ ಸ್ವತಂತ್ರವಾಗಿ ಬೆನ್ನೆಲುಬಿನ ಬುಡದ ತ್ರಿಕಾಸ್ಥಿಯ ರಂಧ್ರದ ಮೂಲಕ ಅದನ್ನು ಎಪಿಡ್ಯೂರಲ್ ಅವಕಾಶಕ್ಕೆ ಸೇರಿಸಿದರು. ಸೊಂಟದಿಂದ ಕಾಲಿಗಿಳಿಯುವ ಸಯಾಟಿಕಾ ನೋವಿಗೆ ಸಿಕಾರ್ ಇದನ್ನು ಪ್ರಯೋಗಿಸಿದನು. ಕಶೇರುಕಗಳ ನಡುವಿನ ಬಿಲ್ಲೆ ಜರುಗಿ ನರವನ್ನು ಒತ್ತುವುದರಿಂದ ಇಂಥ ನೋವು ಬರಬಹುದೆಂದು 1934ರಲ್ಲಿ ಅಮೆರಿಕದ ಮಿಕ್ಸ್‌ಟರ್ ಮತ್ತು ಬಾರ್ ವಿವರಿಸಿದರು.

ಸ್ಟೀರಾಯ್ಡ್ ಯುಗ: 1948ರಲ್ಲಿ ಮೇಯೋ ಕ್ಲಿನಿಕ್‌ನ ಫಿಲಿಪ್ ಹೆಂಚ್ ಮತ್ತು ಸಂಗಡಿಗರು ರುಮಟಾಯ್ಡ್ ಸಂಧಿವಾತದ ರೋಗಿಗೆ ಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ನೀಡಿ ಗಮನಾರ್ಹ ಗುಣವನ್ನು ಕಂಡರು, ಈ ಬಗೆಯ ಸ್ಟೀರಾಯ್ಡುಗಳ ಸಂಶೋಧನೆಗಾಗಿ 1950ರಲ್ಲಿ ಹೆಂಚ್, ಕೆಂಡಾಲ್ ಹಾಗೂ ರೈಕ್‌ಸ್ಟೈನ್ ನೊಬೆಲ್ ಪ್ರಶಸ್ತಿ ಪಡೆದರು. ಆದರೆ ದೇಹಕ್ಕೆಲ್ಲ ಹರಡುವ ಈ ಔಷಧದ ದೀರ್ಘ ಬಳಕೆಯಿಂದ ಮುಖ ಊದುವುದು, ಮೂಳೆ ಸವೆಯುವುದು ಮೊದಲಾದ ತೊಂದರೆಗಳು ಕಾಣಿಸಿಕೊಂಡವು. ಔಷಧವನ್ನು ಬೇನೆಯಿರುವ ಕೀಲಿಗಷ್ಟೇ ನೀಡುವ ವಿಧಾನವನ್ನು ಫಿಲಡೆಲ್ಫಿಯಾದ ಜೋಸೆಫ್ ಹಾಲಂಡರ್ ಬೆಳೆಸಿ, ಅದೇ ಬಗೆಯ ಹೈಡ್ರೊಕಾರ್ಟಿಸೋನಿನ ಫಲಿತಾಂಶಗಳನ್ನು 1951ರಲ್ಲಿ ಪ್ರಕಟಿಸಿದನು. ಮರುವರ್ಷ ಇಟಲಿಯ ರೊಬೆಕ್ಕಿ ಮತ್ತು ಕಾಪ್ರಾ ಅದನ್ನು ಬೆನ್ನಿನ ನರಮೂಲದ ಬಳಿ ಬಳಸಿದರು.

ನಂತರದ ಬೆಳವಣಿಗೆ: 1960ರ ದಶಕದಲ್ಲಿ ವೈದ್ಯ ಲೈಮನ್ ಸ್ಮಿತ್ ಪಪ್ಪಾಯಿಯಿಂದ ದೊರೆಯುವ ಕೈಮೊಪಪೈನ್ ಎಂಬ ಕಿಣ್ವವನ್ನು ಚುಚ್ಚಿ ಬಿಲ್ಲೆಯ ತಿರುಳನ್ನು ಕರಗಿಸಲು ಯತ್ನಿಸಿದನು, ತೀವ್ರ ಅಲರ್ಜಿ ಮುಂತಾದ ಅಪಾಯಗಳಿಂದಾಗಿ ಅದು ಕ್ರಮೇಣ ಹಿಂದೆ ಸರಿಯಿತು. ಕೀಲಿನ ದ್ರವಕ್ಕೆ ಜಾರುವ ಗುಣ ನೀಡುವ ಹಯಲುರಾನಿಕ್ ಆಮ್ಲದ ಚುಚ್ಚುಮದ್ದಿಗೆ ಅಮೆರಿಕದಲ್ಲಿ 1997ರಲ್ಲಿ ಮನ್ನಣೆ ದೊರೆಯಿತು. ಕ್ಷಕಿರಣ ಮತ್ತು ಅಲ್ಟ್ರಾಸೌಂಡ್ ಚಿತ್ರಗಳ ನೆರವಿನಿಂದ ಸೂಜಿಯ ತುದಿಯನ್ನು ನೋಡುತ್ತಲೇ ಗುರಿ ಮುಟ್ಟಿಸುವುದು ಸಾಧ್ಯವಾಯಿತು.

ಮಿತಿಗಳು: 2012ರಲ್ಲಿ ಅಮೆರಿಕದಲ್ಲಿ ಶಿಲೀಂಧ್ರ ಬೆರೆತ ಸ್ಟೀರಾಯ್ಡ್ ಚುಚ್ಚುಮದ್ದಿನಿಂದ 700ಕ್ಕೂ ಹೆಚ್ಚು ಜನರಿಗೆ ಸೋಂಕು ತಗಲಿ, 60ಕ್ಕೂ ಹೆಚ್ಚು ಮಂದಿ ಸತ್ತರು. ಮಂಡಿಸವೆತದ 140 ರೋಗಿಗಳನ್ನು ಕುರಿತು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎರಡು ವರ್ಷಗಳ ಕಾಲ ಮೂರು ತಿಂಗಳಿಗೊಮ್ಮೆ ಸ್ಟೀರಾಯ್ಡ್ ಪಡೆದವರ ಮೃದ್ವಸ್ಥಿ ಉಪ್ಪುನೀರಿನ ಚುಚ್ಚುಮದ್ದು ಪಡೆದವರಿಗಿಂತ ಹೆಚ್ಚು ಸವೆದಿತ್ತು. ನೋವಿನಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಸ್ಟೀರಾಯ್ಡ್ ಚುಚ್ಚುಮದ್ದು ಸವೆದ ಕೀಲನ್ನು ಮತ್ತೆ ಕಟ್ಟುವುದಿಲ್ಲ. ಅದರಿಂದ ದೊರೆಯುವ ಉಪಶಮನ ಬಹುಮಟ್ಟಿಗೆ ತಾತ್ಕಾಲಿಕವಾದ್ದರಿಂದ ವ್ಯಾಯಾಮ ಮತ್ತು ತೂಕ ನಿಯಂತ್ರಣದಂಥ ಕ್ರಮಗಳಿಗೆ ಅದು ಪೂರಕವೇ ಹೊರತು ಪರ್ಯಾಯವಲ್ಲ.