ವಾಕ್ಯರೂಪದ ಲೆಕ್ಕ

ಅಂಗಡಿ, ಹೊಲ, ಪ್ರಯಾಣದಂಥ ನಿತ್ಯದ ಸಂದರ್ಭವನ್ನು ಮಾತಿನಲ್ಲಿ ಹೇಳಿ, ಅದರೊಳಗಿನ ಗಣಿತವನ್ನು ಮಕ್ಕಳೇ ಹುಡುಕಿ ಬಿಡಿಸುವಂತೆ ರೂಪಿಸಿದ ಸಮಸ್ಯೆ. ಇದು ಹೊಸ ಕ್ರಮವೇನಲ್ಲ. 9ನೆಯ ಶತಮಾನದ ಮಹಾವೀರಾಚಾರ್ಯನ ಸಂಸ್ಕೃತ ‘ಗಣಿತಸಾರಸಂಗ್ರಹ’ದಲ್ಲೂ 12ನೆಯ ಶತಮಾನದ ರಾಜಾದಿತ್ಯನ ಕನ್ನಡ ‘ವ್ಯವಹಾರಗಣಿತ’ದಲ್ಲೂ ಇಂಥ ಲೆಕ್ಕಗಳಿವೆ. ಆದರೆ ಸನ್ನಿವೇಶ ಪರಿಚಿತವಾದ ಮಾತ್ರಕ್ಕೆ ಲೆಕ್ಕ ಅರ್ಥವಾಗಿಬಿಡುತ್ತದೆ ಎಂಬ ನಂಬಿಕೆಗೆ ಆಧಾರ ಸಾಲದು. 1980ರ ಸುಮಾರಿಗೆ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ, ಹಡಗಿನಲ್ಲಿ 26 ಕುರಿ, 10 ಮೇಕೆಗಳಿದ್ದರೆ ಕಪ್ತಾನನ ವಯಸ್ಸೆಷ್ಟು ಎಂದು ಕೇಳಿದಾಗ ಬಹುಪಾಲು ಮಕ್ಕಳು ಕೊಟ್ಟ ಅಂಕಿಗಳಿಂದಲೇ ಉತ್ತರ ಕಟ್ಟಿದರು. ಪ್ರಶ್ನೆಗೆ ಅರ್ಥವಿದೆಯೇ ಎಂದು ನೋಡುವ ಅಭ್ಯಾಸವನ್ನು ಶಾಲೆ ಬಿಡಿಸಿತ್ತೆನ್ನಬೇಕು.

ಬ್ರೆಜಿಲಿನ ರೆಸೀಫೆಯ ಐವರು ಬೀದಿ ವ್ಯಾಪಾರಿ ಮಕ್ಕಳ ಅಧ್ಯಯನ (1985) ಇದರ ಇನ್ನೊಂದು ಮುಖವನ್ನು ತೋರಿಸುತ್ತದೆ. ವ್ಯಾಪಾರದ ನಡುವೆ ಕೇಳಿದ ಲೆಕ್ಕಗಳಲ್ಲಿ ಅವರ ಉತ್ತರ ಶೇ. 98ರಷ್ಟು ಸರಿ, ಅಂಥವೇ ಲೆಕ್ಕಗಳು ವಾಕ್ಯರೂಪದಲ್ಲಿ ಬಂದಾಗ ಶೇ. 74, ಬರಿಯ ಅಂಕಿಗಳಲ್ಲಿ ಶೇ. 37. ಒಂದಕ್ಕೆ 35 ಕ್ರುಜೈರೊದಂತೆ ಹತ್ತು ತೆಂಗಿನಕಾಯಿಗೆ ಎಷ್ಟೆಂದರೆ ಹುಡುಗನೊಬ್ಬ ಸೊನ್ನೆ ಸೇರಿಸಲಿಲ್ಲ. ಮೂರಕ್ಕೆ 105, ಆರಕ್ಕೆ 210, ಒಂಬತ್ತಕ್ಕೆ 315 ಎಂದು ಕೂಡುತ್ತ 350ಕ್ಕೆ ಬಂದ. ಐವರಿಂದ ಏನು ಸಾಬೀತಾದೀತು ಎಂಬ ಆಕ್ಷೇಪ ನ್ಯಾಯವೇ. ಆದರೆ ಕೋಲ್ಕತ್ತ, ದೆಹಲಿಗಳ ಸಂತೆಗಳಲ್ಲಿ ದುಡಿಯುವ ಮಕ್ಕಳ ಮೇಲೆ ನಡೆದು 2025ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲೂ ಸಂತೆಯ ಲೆಕ್ಕಕ್ಕೂ ಶಾಲೆಯ ಲೆಕ್ಕಕ್ಕೂ ಇದೇ ಅಂತರ ಕಂಡಿತು. ಹಾಗೆಂದು ಬರಹದ ಗುಣಾಕಾರ ಬೇಡವೆಂದಲ್ಲ. ಹುಡುಗನ ಕೂಡುವ ದಾರಿ 387 ಕಾಯಿಗೆ ತೀರಾ ಉದ್ದವಾಗುತ್ತದೆ. ಆ ದಾರಿಯನ್ನೂ ಗುಣಾಕಾರದ ಕ್ರಮವನ್ನೂ ಒಂದೇ ಪುಟದಲ್ಲಿ ಹೋಲಿಸಲು ಬಿಡುವ ಪಠ್ಯಪುಸ್ತಕಗಳು ಮಾತ್ರ ವಿರಳ.